ಸೈನ್ಯವಿದೆ, ಆಡುವವರಿಲ್ಲ: ಮಿನಿಯೇಚರ್ ಯುದ್ಧದಾಟಕ್ಕೆ ಏನಾಯಿತು?

ನಾಪೋಕ್ಲು ಗೋದಾಮು ಕೇಳಿದ್ದು:

ಇದು ಅರ್ಧ ಪ್ರಶ್ನೆ, ಅರ್ಧ ಗೊಣಗಾಟ. ಓದಿ ಬೈಯುವವರು ಧಾರಾಳವಾಗಿ ಬೈಯಬಹುದು.

ಕೊಡಗಿನ ನಾಪೋಕ್ಲು ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಮೂಟೆಗಳು ಮಾರಾಟವಾಗಿ ಗೋದಾಮು ಖಾಲಿಯಾದರೆ ಮುಂದಿನ ಕೊಯ್ಲಿನವರೆಗೆ ಆ ಜಾಗ ನನ್ನದು. ಯಾವುದೋ ಕ್ಲಬ್ಬಿನವರು ಬೇಡವೆಂದು ಮಾರಿದ ಟೇಬಲ್ ಟೆನಿಸ್ ಮೇಜು ಅಲ್ಲಿದೆ. ಒಂಬತ್ತಡಿ ಉದ್ದ, ಐದಡಿ ಅಗಲ. ಹಸಿರು ಬಟ್ಟೆ ಹಾಸಿ, ಅಡಿಯಲ್ಲಿ ಪುಸ್ತಕಗಳನ್ನಿಟ್ಟರೆ ಗುಡ್ಡ. ನೀಲಿ ರಟ್ಟು ಕತ್ತರಿಸಿ ಹಾಕಿದರೆ ಹೊಳೆ. ಅದರ ಮೇಲೆ ನಾವು ನಾಲ್ವರು ವರ್ಷಗಟ್ಟಲೆ ಯುದ್ಧ ಮಾಡಿದ್ದೇವೆ. ಗೊತ್ತಿಲ್ಲದೆ ಇಲ್ಲಿಗೆ ಬಂದವರಿಗೆ ಹೇಳುವುದಾದರೆ, ಒಂದಂಗುಲಕ್ಕಿಂತ ತುಸು ಎತ್ತರದ ಸೈನಿಕರ ಗೊಂಬೆಗಳಿಗೆ ಬಣ್ಣ ಹಚ್ಚುವುದು, ಅಳತೆ ಟೇಪು ಹಿಡಿದು ಅವನ್ನು ಸರಿಸುವುದು, ಗುಂಡು ತಗುಲಿತೋ ಇಲ್ಲವೋ ಎಂದು ದಾಳ ಉರುಳಿಸಿ ನೋಡುವುದು. ಚದುರಂಗದ ಹಾಗೆ ಮನೆಗಳಿಲ್ಲ. ನೆಲವೇ ಮನೆ.

ನಾಲ್ವರಲ್ಲಿ ಒಬ್ಬ ಬೆಂಗಳೂರಿಗೆ ಹೋದ, ಇನ್ನೊಬ್ಬನ ತೋಟ ಪಾಲಾಗಿ ಅವನಿಗೆ ತಲೆ ಎತ್ತಲೂ ಪುರುಸೊತ್ತಿಲ್ಲ. ಮೂರನೆಯವನು ಊರಿನಲ್ಲೇ ಇದ್ದಾನೆ, ಗೊಂಬೆಗಳ ಪೆಟ್ಟಿಗೆ ಕೊಳ್ಳುತ್ತಲೇ ಇದ್ದಾನೆ, ಆಡಲು ಮಾತ್ರ ಬರುವುದಿಲ್ಲ. ನನ್ನ ಕೊರಗು ಅದೇ. ಮೊದಲು ಒಂದು ಆಟ ಮುಗಿದರೆ ಇಡೀ ವಾರ ಫೋನಿಗೆ ಬಿಡುವಿರುತ್ತಿರಲಿಲ್ಲ. ಕುದುರೆಪಡೆ ಕೆರೆಯ ಆಚೆಯಿಂದ ಸುತ್ತಿ ಬರಬೇಕಿತ್ತೇ, ಫಿರಂಗಿಯನ್ನು ಗುಡ್ಡದ ಮೇಲೇ ಬಿಡಬೇಕಿತ್ತೇ ಎಂದು ಮಧ್ಯರಾತ್ರಿಯಲ್ಲೂ ಜಗಳ. ಈಗ ನಮ್ಮ ವಾಟ್ಸ್ಆಪ್ ಗುಂಪಿನಲ್ಲಿ ಯಾರಾದರೂ ಹೊಸ ಪೆಟ್ಟಿಗೆಯ ಫೋಟೋ ಹಾಕುತ್ತಾರೆ. ಉಳಿದವರು ಹೆಬ್ಬೆಟ್ಟು ಒತ್ತುತ್ತಾರೆ. ತೀರಾ ಹೆಚ್ಚೆಂದರೆ ‘ಎಷ್ಟಾಯಿತು?’, ‘ಎಲ್ಲಿ ಸಿಕ್ಕಿತು?’ ಎಂಬ ಎರಡು ಪ್ರಶ್ನೆ. ಅಲ್ಲಿಗೆ ಮುಗಿಯಿತು. ಪೆಟ್ಟಿಗೆಯ ಬಗ್ಗೆ ಮಾತನಾಡಲು ಇರುವುದಾದರೂ ಏನು? ಸೋತ ಆಟದ ಬಗ್ಗೆಯಾದರೆ ತಿಂಗಳುಗಟ್ಟಲೆ ಮಾತನಾಡಬಹುದು.

ಇನ್ನೊಂದು ವಿಚಿತ್ರ. ಇದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ಜಿಲ್ಲೆ. ಸೈನ್ಯಕ್ಕೆ ಒಬ್ಬರಾದರೂ ಹೋಗದ ಮನೆ ಹುಡುಕುವುದು ಕಷ್ಟ. ಮಡಿಕೇರಿಯಲ್ಲಿ ತಿಮ್ಮಯ್ಯನವರು ಬೆಳೆದ ‘ಸನ್ನಿ ಸೈಡ್’ ಮನೆ 2021ರಲ್ಲಿ ಮ್ಯೂಸಿಯಂ ಆದ ಮೇಲೆ ನೆಂಟರಿಷ್ಟರು ಬಂದಾಗಲೆಲ್ಲ ಅಲ್ಲಿಗೆ ಒಂದು ಸುತ್ತು ಇದ್ದದ್ದೇ. ಆಯುಧಗಳ ಹಬ್ಬ ಕೈಲ್ ಪೊಳ್ದ್ ಬಂತೆಂದರೆ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ. ಇಷ್ಟಿದ್ದೂ ಐವತ್ತು ದಾಟಿದ ಗಂಡಸು ಗೊಂಬೆ ಸಿಪಾಯಿಗೆ ಬಣ್ಣ ಹಚ್ಚುತ್ತಾನೆಂದರೆ ‘ಇವನಿಗೇನಾಯಿತು?’ ಎಂಬಂತೆ ನೋಡುತ್ತಾರೆ. ಅದೇ ಗಂಡಸು ಕ್ಲಬ್ಬಿನಲ್ಲಿ ಕುಳಿತು ರಾತ್ರಿಯಿಡೀ ರಮ್ಮಿ ಆಡಿದರೆ ಯಾರೂ ಏನೂ ಅನ್ನುವುದಿಲ್ಲ.

ಉತ್ಸಾಹ ಬತ್ತಿರುವುದು ನಮ್ಮಲ್ಲಿ ಮಾತ್ರವೋ, ಎಲ್ಲ ಕಡೆಯೂ ಹೀಗೆಯೋ? ನಿಮ್ಮಲ್ಲಿ ಯಾರಾದರೂ ಇನ್ನೂ ನಿಜವಾಗಿ ಆಡುತ್ತಿದ್ದೀರಾ? ಆಡುತ್ತಿದ್ದರೆ ಹೇಗೆ?

---

ಕುಶಾಲನಗರ ದಾಳ ಬರೆದದ್ದು:

ಸರ್, ಬೇಸರ ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ಉತ್ಸಾಹ ಬತ್ತಿಲ್ಲ. ಅಂಗಡಿಗೆ ವಲಸೆ ಹೋಗಿದೆ. ನಿಮ್ಮ ಮೂರನೆಯ ಗೆಳೆಯನೇ ಅದಕ್ಕೆ ಸಾಕ್ಷಿ.

ಈ ಆಟ ಯಾವ ಕಾಲದಲ್ಲೂ ಜನಜಾತ್ರೆಯ ಆಟವಾಗಿರಲಿಲ್ಲ. ಎಚ್.ಜಿ. ವೆಲ್ಸ್ 1913ರಲ್ಲಿ ಮನೆಯ ನೆಲದ ಮೇಲೆ ಆಡುವ ಯುದ್ಧದಾಟಕ್ಕೆ ನಿಯಮ ಬರೆದು ಪ್ರಕಟಿಸಿದಾಗ ಅವರ ಬಳಿ ಇದ್ದದ್ದು ಅಂಗಡಿಯ ಸೀಸದ ಸಿಪಾಯಿಗಳು ಮತ್ತು ಸ್ಪ್ರಿಂಗಿನಿಂದ ಮರದ ಗುಂಡು ಹಾರಿಸುವ ಆಟಿಕೆ ಫಿರಂಗಿ. ಗುಂಡು ತಗುಲಿ ಬಿದ್ದ ಸಿಪಾಯಿ ಸತ್ತ, ಅಷ್ಟೆ. ಅಷ್ಟರಿಂದಲೇ ಆಟ ನಡೆಯುತ್ತಿತ್ತು. ಈಗ ಆಟ ಶುರುವಾಗುವ ಮೊದಲೇ ಗೊಂಬೆಗಳ ಬಲಕ್ಕೆ ಅಂಕ ಹಾಕಿ ಕೂಡಿಸಿದರೆ ಎರಡು ಸಾವಿರವಾಗುವ ಸೈನ್ಯ ಬೇಕು, ಅದಕ್ಕೆ ಬಣ್ಣ ಬೇಕು, ನಿಯಮದ ದಪ್ಪ ಪುಸ್ತಕ ಬೇಕು. ವಾರ್‌ಹ್ಯಾಮರ್ 40,000 ಎಂಬ ಯುದ್ಧದಾಟಕ್ಕೆ 2017, 2020, 2023ರಲ್ಲಿ ಹೀಗೆ ಮೂರು ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಂದಿದೆ. ತಿಂಗಳಿಗೊಂದು ಭಾನುವಾರ ಬಿಡುವು ಸಿಗುವವನು ಒಂದು ಆವೃತ್ತಿಯನ್ನು ಬಾಯಿಪಾಠ ಮಾಡುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಆಮೇಲೆ ಗೆಳೆಯರ ನಡುವೆ ಆಟದ ಮಾತಿಲ್ಲ, ಯಾರ ಪುಸ್ತಕ ಹಳೆಯದು ಎಂಬ ಮಾತು.

ಆದರೆ ಹೊಸದನ್ನೇ ಆಡಬೇಕೆಂದು ಯಾವ ಕಾನೂನಿದೆ? ಪುರಾಣಲೋಕದ ವಾರ್‌ಹ್ಯಾಮರ್ ಶುರುವಾದದ್ದು 1983ರಲ್ಲಿ. 2015ರಲ್ಲಿ ಅದನ್ನು ತಯಾರಿಸುವ ಕಂಪನಿಯವರು ಆ ಲೋಕವನ್ನು ಕಥೆಯೊಳಗೇ ಪ್ರಳಯ ಮಾಡಿಸಿ ಬೇರೆ ಆಟ ತಂದರು. 2024ರಲ್ಲಿ ಹಳೆಯ ಲೋಕಕ್ಕೇ ಮತ್ತೆ ಜೀವ ಕೊಟ್ಟರು. ನಡುವಿನ ವರ್ಷಗಳಲ್ಲಿ ಹಳೆಯ ಪುಸ್ತಕ ಹಿಡಿದು ಆಡಿದವರನ್ನು ಪೊಲೀಸರೇನೂ ಹಿಡಿದುಕೊಂಡು ಹೋಗಲಿಲ್ಲ.

ನಾವು ಇಲ್ಲಿ ಇಬ್ಬರೇ ಇದ್ದೇವೆ, ನಾನು ಮತ್ತು ಒಬ್ಬ ಬ್ಯಾಂಕ್ ಉದ್ಯೋಗಿ. ಆಡುವುದು ‘ಡಿಬಿಎ’ ಎಂಬ ಪ್ರಾಚೀನ ಯುದ್ಧಗಳ ಆಟ, 1990ರದ್ದು. ಒಂದು ಸೈನ್ಯಕ್ಕೆ ಹನ್ನೆರಡು ತುಕಡಿ, ಮುಗಿಯಿತು. 15 ಮಿ.ಮೀ. ಗೊಂಬೆಗಳಾದರೆ ಎರಡಡಿ ಚೌಕದ ಹಲಗೆ ಸಾಕು. ಸರದಿ ಬಂದಾಗ ಒಂದು ದಾಳ ಹಾಕಬೇಕು. ಬಿದ್ದ ಸಂಖ್ಯೆಯಷ್ಟೇ ಆಜ್ಞೆ ಕೊಡಬಹುದು. ಒಂದು ಬಿತ್ತೋ, ಎಡಗಡೆಯ ಕುದುರೆಗಳನ್ನು ಉಳಿಸುವುದೋ ನಡುವಿನ ಭರ್ಚಿಯವರನ್ನು ಮುನ್ನಡೆಸುವುದೋ ಎಂದು ತಲೆ ಕೆರೆದುಕೊಳ್ಳಬೇಕು. ನಾಲ್ಕು ತುಕಡಿ ಮೊದಲು ಕಳೆದುಕೊಂಡವನು ಸೋತ. ಬ್ಯಾಂಕಿನವರು ಊಟದ ಡಬ್ಬಿ ತೆರೆಯುವ ಮೊದಲು ಒಂದು ಆಟ, ಮುಚ್ಚಿದ ಮೇಲೆ ಇನ್ನೊಂದು. ಸೋತವರು ಸಂಜೆಯವರೆಗೆ ದಾಳವನ್ನು ಬೈಯುತ್ತಿರುತ್ತಾರೆ. ನಿಮಗೆ ಬೇಕಾದ ಮಾತು ಅದೇ ತಾನೇ?

---

ಮಡಿಕೇರಿ ಕುಂಚ ಬರೆದದ್ದು:

ನಾಪೋಕ್ಲು ಅಣ್ಣಾ, ಕುಶಾಲನಗರದವರು ಕೊಳ್ಳುವವರನ್ನು ಬೈದ ರೀತಿಗೆ ನನ್ನದೊಂದು ತಕರಾರು ಇದೆ. ನಾನು ಆಡುವುದಿಲ್ಲ. ಬಣ್ಣ ಮಾತ್ರ ಹಚ್ಚುತ್ತೇನೆ. ಹೈಸ್ಕೂಲಿನಲ್ಲಿ ಪಾಠ ಮಾಡಿ, ಮನೆಗೆ ಬಂದು, ರಾತ್ರಿ ಊಟವಾದ ಮೇಲೆ ಒಂದು ಕುದುರೆಯ ಜೀನಿಗೆ ಬಣ್ಣ ಹಚ್ಚಿ ಮಲಗಿದರೆ ನನಗೆ ಅದೇ ಆಟ. ಆಡದವರು ಹವ್ಯಾಸಿಗಳೇ ಅಲ್ಲ ಎಂದು ಹೇಳಿ ಹೇಳಿಯೇ ಅರ್ಧ ಜನರನ್ನು ಓಡಿಸಿದ್ದೀರಿ.

ಮತ್ತೆ ನಮ್ಮ ಊರಿನಲ್ಲಿ ಉತ್ಸಾಹ ಕುಂದುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಹೇಳುತ್ತಿಲ್ಲ. ಮಳೆ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಿ ಸ್ಪ್ರೇ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ಅಡಿಲೇಪ, ಹೊಡೆದು ನೋಡಿ. ಗಾಳಿಯ ತೇವಕ್ಕೆ ಪ್ರೈಮರ್ ನುಣ್ಣಗೆ ಕೂರುವುದಿಲ್ಲ, ರವೆ ಉದುರಿಸಿದ ಹಾಗೆ ತರಿತರಿಯಾಗುತ್ತದೆ. ಗೊಂಬೆಯ ಮೂಗು, ಗುಂಡಿ, ಮೀಸೆ ಎಲ್ಲ ಅದರಡಿ ಮುಚ್ಚಿಹೋಗುತ್ತವೆ. ಹೊಸದಾಗಿ ಶುರು ಮಾಡಿದ ಹುಡುಗರು ಒಂದು ಮಳೆಗಾಲದಲ್ಲಿ ಇದನ್ನು ಕಂಡು, ‘ನನ್ನ ಕೈಗೆ ಇದು ಬರುವುದಿಲ್ಲ’ ಎಂದು ಪೆಟ್ಟಿಗೆ ಅಟ್ಟಕ್ಕೆ ಹಾಕುತ್ತಾರೆ. ಅವರ ಕೈಯಲ್ಲಿ ಏನೂ ತಪ್ಪಿರುವುದಿಲ್ಲ.

ಮಳೆಗಾಲಕ್ಕೆ ಕುಂಚದಲ್ಲೇ ಹಚ್ಚುವ ಪ್ರೈಮರ್ ತರಿಸಿ. ತೆಳುವಾಗಿ ಒಂದು ಸುತ್ತು ಹಚ್ಚಿ, ಪೂರ್ತಿ ಒಣಗಲು ಬಿಟ್ಟು, ಮತ್ತೊಂದು ಸುತ್ತು. ಒಣಗಿಸಲು ನನ್ನದು ಹಳೆಯ ತಗಡಿನ ಡಬ್ಬ, ಒಳಗೆ ಒಂದು ಹಳೇ ಕಾಲದ ಬಿಸಿಯಾಗುವ ಬಲ್ಬು. ಎಲ್‌ಇಡಿ ಪ್ರಯೋಜನವಿಲ್ಲ, ಅದು ಬಿಸಿಯಾಗುವುದಿಲ್ಲ. ಪ್ಲಾಸ್ಟಿಕ್ ಗೊಂಬೆಯನ್ನು ಬಲ್ಬಿಗೆ ತೀರ ಹತ್ತಿರ ಇಡಬೇಡಿ, ಕತ್ತಿ ಬಗ್ಗುತ್ತದೆ. ಗೊಂಬೆ ನಿಲ್ಲಿಸುವ ಎಂಡಿಎಫ್ ಹಲಗೆಯ ತಳಗಳು ನೀರು ಕುಡಿದು ಉಬ್ಬುತ್ತವೆ. ಎರಡೂ ಕಡೆ ವಾರ್ನಿಷ್ ಹೊಡೆದೇ ಉಪಯೋಗಿಸಿ. ಮರಳು ಅಂಟಿಸಿದ ಫೆವಿಕಾಲ್ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ, ಫೆವಿಕ್ವಿಕ್‌ಗೆ ಮಾತ್ರ ನಮ್ಮ ಹವೆ ಬಹಳ ಇಷ್ಟ. ತೇವದಿಂದಲೇ ಗಟ್ಟಿಯಾಗುವ ಅಂಟು ಅದು. ಹೆಚ್ಚು ಹಾಕಿದರೆ ಸುತ್ತಲೂ ಬೂದಿ ಬಣ್ಣದ ಮಬ್ಬು ಏಳುತ್ತದೆ, ಅಷ್ಟೆ.

ಗೆಳತಿಯೊಬ್ಬಳು ರೆಸಿನ್ ತ್ರೀಡಿ ಪ್ರಿಂಟರ್ ಇಟ್ಟಿದ್ದಾಳೆ. ಅವಳ ಕಷ್ಟ ಉಲ್ಟಾ: ಡಿಸೆಂಬರ್ ಚಳಿಗೆ ರೆಸಿನ್ ಮಂದವಾಗಿ ಅರ್ಧ ಸಿಪಾಯಿ ತಟ್ಟೆಯಲ್ಲಿ, ಅರ್ಧ ತೊಟ್ಟಿಯಲ್ಲಿ. ಈಗ ಸೀಸೆಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗಾದ ಮೇಲೆ ಸುರಿಯುತ್ತಾಳೆ. ಕೈಗವಸು ಮರೆಯಬೇಡಿ, ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಒಳ್ಳೆಯದಲ್ಲ.

---

ಮೈಸೂರು ಹಾಸ್ಟೆಲ್ ಬರೆದದ್ದು:

ನಾನು ಸೋಮವಾರಪೇಟೆಯವನು, ಓದುತ್ತಿರುವುದು ಮೈಸೂರಿನಲ್ಲಿ. ಹೊಸಬರು ಯಾಕೆ ಬರುವುದಿಲ್ಲ ಎಂದು ಹಿರಿಯರು ಕೇಳುವಾಗ ನಗು ಬರುತ್ತದೆ. ಬೆಲೆ ನೋಡಿದ್ದೀರಾ? ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿದರು. ಚಿಕ್ಕ ಅಳತೆಯ ಮಾದರಿಗಳೂ ಸುಂಕದ ಪಟ್ಟಿಯಲ್ಲಿ ಆಟಿಕೆಯ ಸಾಲಿನಲ್ಲೇ ಬರುತ್ತವೆ. ಹೊರದೇಶದಿಂದ ಒಂದು ಪೆಟ್ಟಿಗೆ ತರಿಸುವ ದುಡ್ಡಿನಲ್ಲಿ ನನ್ನ ಮೆಸ್ ಬಿಲ್ಲು ಕಟ್ಟಿ ಮಿಗುತ್ತದೆ.

ಹಾಗೆಂದು ನಾವು ಸುಮ್ಮನೆ ಕೂತಿಲ್ಲ. ಕಾಗದದ ಸಿಪಾಯಿಗಳಲ್ಲಿ ಆಡುತ್ತೇವೆ. ಮುಂದು ಹಿಂದು ಎರಡೂ ಚಿತ್ರ ಬರುವ ಹಾಗೆ ದಪ್ಪ ಹಾಳೆಯಲ್ಲಿ ಬಣ್ಣದ ಪ್ರಿಂಟ್ ತೆಗೆಸಿ, ಮಡಿಸಿ ಅಂಟಿಸಿ, ಅಂಚನ್ನು ಕಪ್ಪು ಸ್ಕೆಚ್ ಪೆನ್ನಿನಲ್ಲಿ ಎಳೆದರೆ ಬಿಳಿ ಗೆರೆ ಕಾಣುವುದಿಲ್ಲ. ಜೆರಾಕ್ಸ್ ಅಂಗಡಿಯವರು ಮೊದಲ ಸಲ ‘ಮದುವೆ ಕಾರ್ಡಾ?’ ಎಂದು ಕೇಳಿದರು. ಬಣ್ಣದ ಕಲೆ ಬೇಕೆನ್ನುವವರಿಗೆ ಇದು ರುಚಿಸದು, ಕುಂಚ ಅಕ್ಕ ಕ್ಷಮಿಸಬೇಕು. ಆದರೆ ಕಾಗದದ ಸೈನ್ಯ ತಂದವನನ್ನು ಮೇಜಿಗೆ ಸೇರಿಸದ ಹಿರಿಯರನ್ನೂ ನಾನು ಕಂಡಿದ್ದೇನೆ.

---

ನಾಪೋಕ್ಲು ಗೋದಾಮು ಬರೆದದ್ದು:

ಕುಂಚ ತಂಗಿ, ತಗಡಿನ ಡಬ್ಬದ ಉಪಾಯ ಬಹಳ ಚೆನ್ನಾಗಿದೆ, ನಮ್ಮ ಮನೆಯ ಹಳೆಯ ಟ್ರಂಕೊಂದು ಇವತ್ತೇ ಅಟ್ಟದಿಂದ ಇಳಿಯುತ್ತದೆ. ಹಾಸ್ಟೆಲಿನ ಹುಡುಗನಿಗೆ: ನನ್ನ ಮೇಜಿಗೆ ಕಾಗದದ ಸಿಪಾಯಿ ಬರಬಹುದು, ಅಡಿಕೆ ಹೋಳನ್ನು ಸಿಪಾಯಿ ಎಂದರೂ ಒಪ್ಪುತ್ತೇನೆ, ಎದುರಿಗೆ ಆಡುವವನೊಬ್ಬ ಇದ್ದರೆ ಸಾಕು.

ಕುಶಾಲನಗರದವರ ಹನ್ನೆರಡು ತುಕಡಿಯ ಲೆಕ್ಕ ನನಗೂ ಹಿಡಿಸಿತು. ಆದರೆ ಒಂದು ಮಾತು. ರೋಮನ್ನರು, ಕಾರ್ಥೇಜಿನವರು ಎಂದರೆ ನಮ್ಮ ಕಡೆಯ ಹುಡುಗರ ಕಿವಿ ನೆಟ್ಟಗಾಗುವುದಿಲ್ಲ. ಅವರದೇ ಊರಿನ ಹೆಸರು ಬಂದರೆ ಮಾತ್ರ ತಲೆ ಎತ್ತುತ್ತಾರೆ. ಕೊಡಗಿನ ಯುದ್ಧವನ್ನೇ ಮೇಜಿಗೆ ತಂದವರು ಯಾರಾದರೂ ಇದ್ದೀರಾ?

---

ಹಳೇ ಹವಾಲ್ದಾರ ಬರೆದದ್ದು:

ನಾನು ವಿರಾಜಪೇಟೆ ಕಡೆಯವನು, ಪಿಂಚಣಿದಾರ. ಮಗ ಈ ಚರ್ಚೆ ತೋರಿಸಿದ. ಗೊಂಬೆಯಾಟ ಮಕ್ಕಳಾಟ ಎನ್ನುವವರಿಗೆ ನನ್ನ ಹತ್ತಿರ ಒಂದು ಉತ್ತರವಿದೆ. ಪಲ್ಟನ್ನಿನಲ್ಲಿ ನಾವು ಮಾಡುತ್ತಿದ್ದದ್ದೂ ಇದೇ ಆಟ. ಹೆಸರು ಸ್ಯಾಂಡ್ ಮಾಡೆಲ್. ನೆಲದ ಮೇಲೆ ಮರಳು ಸುರಿದು ಗುಡ್ಡ, ಕಣಿವೆ ಮಾಡುವುದು. ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಕಾಡು, ಸುಣ್ಣದ ಪುಡಿಯಲ್ಲಿ ದಾರಿ, ಉಣ್ಣೆಯ ದಾರದಲ್ಲಿ ಗಡಿ. ಸಾಹೇಬರು ಉದ್ದನೆಯ ಕೋಲು ಹಿಡಿದು, ‘ಇಲ್ಲಿ ಶತ್ರುವಿನ ಮಷೀನ್ ಗನ್, ನೀನು ಇಲ್ಲಿದ್ದೀಯ, ಈಗ ಏನು ಮಾಡುತ್ತೀಯ?’ ಎಂದು ಕೇಳುತ್ತಿದ್ದರು. ಉತ್ತರ ತಪ್ಪಿದವನಿಗೆ ಸಂಜೆಯವರೆಗೆ ಸಂಗಡಿಗರ ಕುಚೋದ್ಯ ತಪ್ಪುತ್ತಿರಲಿಲ್ಲ. 1824ರಲ್ಲಿ ರೈಸ್ವಿಟ್ಸ್ ಎಂಬ ಪ್ರಷ್ಯಾದ ಅಧಿಕಾರಿ ನಕ್ಷೆಯ ಮೇಲೆ ಯುದ್ಧದಾಟದ ನಿಯಮಗಳನ್ನು ಸೈನ್ಯಕ್ಕೆ ಕೊಟ್ಟದ್ದು ಅಧಿಕಾರಿಗಳ ತರಬೇತಿಗಾಗಿ. 1870-71ರ ಯುದ್ಧದಲ್ಲಿ ಪ್ರಷ್ಯಾದ ಎದುರು ಫ್ರಾನ್ಸ್ ಸೋತ ಮೇಲೆ ಬೇರೆ ದೇಶಗಳ ಸೈನ್ಯದವರೂ ಅದನ್ನು ಕಲಿಯಲು ಕೂತರು. ಮಕ್ಕಳಾಟವಂತೆ!

ನಾಪೋಕ್ಲಿನವರು ಕೇಳಿದ ಕೊಡಗಿನ ಯುದ್ಧಕ್ಕೆ 1834ರ ಏಪ್ರಿಲ್ ಇದೆ. ಚಿಕ್ಕವೀರರಾಜನ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಬೇರೆ ಬೇರೆ ದಿಕ್ಕಿನಿಂದ ತುಕಡಿಗಳಾಗಿ ನುಗ್ಗಿತು. ಕೊನೆಗೆ ರಾಜ ಶರಣಾದ, ಕೊಡಗು ಕಂಪನಿಯ ಪಾಲಾಯಿತು, ಇದು ಎಲ್ಲರಿಗೂ ಗೊತ್ತು. ಆದರೆ ಉತ್ತರದಿಂದ ಬಂದ ತುಕಡಿ ಬ್ರಿಟಿಷರು ‘ಬಕ್’ ಎಂದು ಬರೆದುಕೊಂಡ ತಡೆಗೋಡೆಯ ಎದುರು ಪೆಟ್ಟು ತಿಂದು, ಬಹಳ ಜನರನ್ನು ಕಳೆದುಕೊಂಡು ಹಿಂದೆ ಸರಿಯಿತು. ಮೇಜಿಗೆ ತರಬೇಕಾದದ್ದು ಆ ಒಂದು ಹಗಲು.

ಅದಕ್ಕೆ ಬಯಲು ಬೇಡ. ಮೇಜಿನ ಮುಕ್ಕಾಲು ಪಾಲು ಕಾಡು, ಒಬ್ಬರ ಹಿಂದೊಬ್ಬರು ಮಾತ್ರ ನಡೆಯಬಹುದಾದ ದಾರಿ. ದಾರಿಯ ಕೊನೆಗೆ ಕಡಂಗ ಮತ್ತು ಅದರ ಹಿಂದೆ ದಿಮ್ಮಿಗಳ ಬೇಲಿ. ನಮ್ಮ ಹಳೆಯ ಕಡಂಗಗಳನ್ನು ನೋಡಿದವರಿಗೆ ಗೊತ್ತು, ಅಗೆದ ಮಣ್ಣನ್ನು ಪಕ್ಕದಲ್ಲೇ ದಿಣ್ಣೆಯಾಗಿ ಪೇರಿಸಿರುತ್ತಾರೆ. ಕೆಳಗೆ ಕಂದಕ, ಮೇಲೆ ಮರೆ. ಥರ್ಮಕೋಲ್ ಹಾಳೆ ಕೆತ್ತಿ ಕಾಫಿ ತೋಟದ ಕೆಂಪು ಮಣ್ಣನ್ನೇ ಜರಡಿ ಹಿಡಿದು ಅಂಟಿಸಿ. ಕೊಡವರ ಕಡೆಯ ಗೊಂಬೆಗಳನ್ನು ಮೊದಲಿಗೆ ಮೇಜಿನ ಮೇಲೆ ಇಡಲೇಬೇಡಿ. ಅವರ ಜಾಗಗಳನ್ನು ಚೀಟಿಯಲ್ಲಿ ಬರೆದು ಪಂಚನ, ಅಂದರೆ ಅಂಪೈರನ, ಕೈಗೆ ಕೊಡಿ. ಕೆಲವು ಚೀಟಿ ಖಾಲಿ ಇರಲಿ. ಕೋವಿ ಹಾರಿದಾಗ ಮಾತ್ರ ಗೊಂಬೆ ಹೊರಗೆ ಬರಲಿ. ಕಂಪನಿಯ ಕಡೆಯವನಿಗೆ ಗೆಲುವು ಎಂದರೆ ಗೋಡೆ ಹಿಡಿಯುವುದಲ್ಲ, ಎಷ್ಟು ಜನರನ್ನು ಉಳಿಸಿಕೊಂಡು ಹಿಂದಿರುಗಿದ ಎಂಬುದರ ಮೇಲೆ ಅಂಕ ಕೊಡಿ.

---

ಮಡಿಕೇರಿ ಕುಂಚ ಬರೆದದ್ದು:

ಹವಾಲ್ದಾರರೇ, ಕೊಡವ ಗೊಂಬೆಗಳನ್ನು ನಾನು ಮಾಡಿಕೊಡುತ್ತೇನೆ. ಅಂಗಡಿಯಲ್ಲಿ ಹುಡುಕುವ ಅಗತ್ಯವಿಲ್ಲ. ಉದ್ದ ಕೋಟು ತೊಟ್ಟ ಯಾವುದಾದರೂ ಪ್ಲಾಸ್ಟಿಕ್ ಸಿಪಾಯಿ ಇದ್ದರೆ ತೋಳನ್ನು ಮೊಣಕೈವರೆಗೆ ಕೆರೆದು, ಕೋಟಿನ ಅಂಚನ್ನು ಎಂ-ಸೀಲ್‌ನಿಂದ ಮಂಡಿಯವರೆಗೆ ಎಳೆದರೆ ಕೊಡವರ ಕುಪ್ಯ ಆಗುತ್ತದೆ. ಎಂ-ಸೀಲ್ ಬೇಗ ಬಿಗಿಯುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಿ, ಬೆರಳಿಗೆ ನೀರು ಮುಟ್ಟಿಸಿಕೊಂಡು ಎಳೆಯಬೇಕು. ಸೊಂಟಕ್ಕೆ ಚೇಲೆ ಎಂಬ ನಡುಪಟ್ಟಿ, ಮುಂದೆ ಪೀಚೆಕತ್ತಿ ಎಂಬ ಕಠಾರಿ, ಬೆನ್ನಿಗೆ ಕತ್ತಿ ಸಿಕ್ಕಿಸುವ ತೋಡಂಗ್‌ನಲ್ಲಿ ಒಡಿಕತ್ತಿ. ಕಪ್ಪು ಕುಪ್ಯಕ್ಕೆ ಅಪ್ಪಟ ಕಪ್ಪು ಹಚ್ಚಿದರೆ ಈ ಅಳತೆಯಲ್ಲಿ ಮಡಿಕೆಗಳೇ ಕಾಣುವುದಿಲ್ಲ, ನೀಲಿ ಬೆರೆಸಿದ ಗಾಢ ಬೂದಿ ಹಚ್ಚಿ ಮಡಿಕೆಯ ಸಂದಿಗಷ್ಟೇ ಕಪ್ಪು ಇಳಿಸಬೇಕು. ಚೇಲೆಯ ಕೆಂಪು ಕೊನೆಗೆ. ಪೀಚೆಕತ್ತಿಯ ಹಿಡಿಗೆ ಬೆಳ್ಳಿಯ ಒಂದು ಚುಕ್ಕೆ ಸಾಕು.

ಆಡುವುದಿಲ್ಲ ಎಂದು ಮೇಲೆ ಬರೆದಿದ್ದೇನೆ, ಗೊತ್ತು. ಪಂಚನ ಕೆಲಸಕ್ಕೆ ಯಾರೂ ಇಲ್ಲದಿದ್ದರೆ ಮಾತ್ರ ನೋಡೋಣ. ಚೀಟಿಗಳನ್ನು ಕದ್ದು ನೋಡುವ ಗಂಡಸರನ್ನು ಹಿಡಿಯಲು ಮೇಷ್ಟರೇ ಬೇಕು.

---

ನಾಪೋಕ್ಲು ಗೋದಾಮು ಬರೆದದ್ದು:

ಹಾಗಾದರೆ ಕೈಲ್ ಪೊಳ್ದ್ ಮುಗಿದ ಮೇಲಿನ ಮೊದಲ ಭಾನುವಾರ, ಗೋದಾಮಿನಲ್ಲಿ. ಕೊಯ್ಲು ಶುರುವಾಗುವ ಮೊದಲು ಮೇಜು ಖಾಲಿ ಮಾಡಲೇಬೇಕು, ಆದ್ದರಿಂದ ಮುಂದಕ್ಕೆ ಹಾಕುವ ಮಾತಿಲ್ಲ. ಕರೆಂಟು ಹೋದರೆ ಇನ್ವರ್ಟರ್ ಇದೆ. ಊಟ ನಮ್ಮ ಮನೆಯದು, ಪಂದಿ ತಿನ್ನದವರು ಮೊದಲೇ ತಿಳಿಸಿ. ಕಾಡಿಗೆ ಬೇಕಾದ ಪಾಚಿಯನ್ನು ನಾನು ಈಗಲೇ ಒಣಗಿಸಲು ಹಾಕುತ್ತೇನೆ. ಕಂಪನಿಯ ಸೈನ್ಯ ಕುಶಾಲನಗರದವರದ್ದು, ಕೆಂಪು ಕೋಟಿನವರು ಸಾಲದಿದ್ದರೆ ಉಳಿದವರು ಕಾಗದದವರು, ಅವರನ್ನು ಹಾಸ್ಟೆಲಿನ ಹುಡುಗ ತರಲಿ. ಟೇಪು ಇಂಚಿನದ್ದೇ ಇರಲಿ. ನನ್ನ ಮೂರನೆಯ ಗೆಳೆಯನಿಗೂ ಈ ಚರ್ಚೆ ಕಳಿಸಿದ್ದೇನೆ, ಹೆಬ್ಬೆಟ್ಟು ಒತ್ತಿದ್ದಾನೆ. ಬಂದರೆ ನೋಡೋಣ.

---

ಕುಶಾಲನಗರ ದಾಳ ಬರೆದದ್ದು:

ಬರುತ್ತೇನೆ ಸರ್. ಆದರೆ ಒಂದು ವಿಷಯ ಈಗಲೇ ಇತ್ಯರ್ಥವಾಗಲಿ. ಕಂಪನಿಯ ಕಡೆ ಆನೆ ಎಳೆಯುವ ಒಂದು ಫಿರಂಗಿ ಕೊಡುತ್ತೀರಿ ತಾನೇ? ಅದು ಕಡಂಗ ದಾಟಬಹುದು ಎಂದು ನಿಯಮದಲ್ಲಿ ಬರೆದುಬಿಡಿ.

---

ಹಳೇ ಹವಾಲ್ದಾರ ಬರೆದದ್ದು:

ದಾಟುವುದಿಲ್ಲ.

---

ಕುಶಾಲನಗರ ದಾಳ ಬರೆದದ್ದು:

ಯಾಕೆ ದಾಟುವುದಿಲ್ಲ? ದುಬಾರೆಯಲ್ಲಿ ಆನೆಗಳು ಕಾವೇರಿಯ ದಂಡೆ ಇಳಿದು ಹತ್ತುವುದನ್ನು ದಿನವೂ ನೋಡುತ್ತೇವಲ್ಲ?

---

ಹಳೇ ಹವಾಲ್ದಾರ ಬರೆದದ್ದು:

ಆನೆ ದಾಟುತ್ತದೆ. ಫಿರಂಗಿಯ ಗಾಲಿ ಕಂದಕದ ತಳದಲ್ಲೇ ಕೂರುತ್ತದೆ. ಎರಡು ಸರದಿ ನಿಂತು ದಿಮ್ಮಿ ಹಾಸಿದರೆ ಬೇಕಾದರೆ ಒಪ್ಪುತ್ತೇನೆ, ಆ ಎರಡು ಸರದಿ ಕೋವಿಗಳು ಸುಮ್ಮನಿರುವುದಿಲ್ಲ.

---

ಮಡಿಕೇರಿ ಕುಂಚ ಬರೆದದ್ದು:

ಒಂದು ಸರದಿ ಸಾಕು. ಮಾವುತನಿಗೂ ಒಂದು ದಾಳ ಕೊಡಿ.